ಕಥಾ ಸ್ಪರ್ಧೆಗೆ ಎಐ ಬರೆದ ಕಥೆ ಬಂದಿದೆ ಅಂತ ಅನುಮಾನ, ಏನು ಮಾಡೋದು?

ನಾಲೆ ಏರಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ತಂದಿದ್ದೇನೆ, ತಿಳಿದವರು ಹೇಳಿ.

ಇಲ್ಲಿ ನಮ್ಮದೊಂದು ಸಣ್ಣ ಓದುಗರ ಬಳಗ ಇದೆ. ಪ್ರತಿ ಯುಗಾದಿಗೆ ಕಥಾ ಸ್ಪರ್ಧೆ ಮಾಡುತ್ತೇವೆ. ಮೊದಲ ಬಹುಮಾನ 5,000 ರೂಪಾಯಿ, ಒಂದು ಶಾಲು, ಒಂದು ಪೆಟ್ಟಿಗೆ ಬೆಲ್ಲ. ಅಷ್ಟೇ. ಹೋದ ವರ್ಷ 38 ಕಥೆ ಬಂದಿದ್ದವು. ಈ ಸಲ 112. 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ಆಯಿತಲ್ಲ, ಆ ಹುಮ್ಮಸ್ಸು ಇನ್ನೂ ಇಳಿದಿಲ್ಲ ಅಂತ ನಾವೇ ನಮ್ಮ ಬೆನ್ನು ತಟ್ಟಿಕೊಂಡೆವು. ಓದಲು ಕೂತ ಮೇಲೆ ಬಣ್ಣ ಬಯಲಾಯಿತು.

ಮೊದಲ ಸುತ್ತು ಓದುವವರು ಮೂರೇ ಜನ. ನಾನು ಒಂದು ರಾತ್ರಿ ಹತ್ತು ಕಥೆ ಓದಿದೆ. ಅದರಲ್ಲಿ ನಾಲ್ಕರಲ್ಲಿ ಅಜ್ಜಿ ಜಗಲಿ ಮೇಲೆ ಕೂತು ಮುಳುಗುವ ಸೂರ್ಯನನ್ನು ನೋಡುತ್ತಾಳೆ. ನಾಲ್ಕರಲ್ಲೂ ಮೊಮ್ಮಗ ಬೆಂಗಳೂರಿನಿಂದ ಬರುತ್ತಾನೆ, ಹಳೇ ಟ್ರಂಕಿನಲ್ಲಿ ಕಾಗದ ಸಿಗುತ್ತದೆ, ಎಲ್ಲರೂ ಅಳುತ್ತಾರೆ. ಒಬ್ಬನಿಗೆ ಕಾಗದ ಓದಿ "ಹೃದಯ ಮುಳುಗಿತು" ಅಂತೆ. ನಮ್ಮ ಕಡೆ ಎದೆ ಧಸಕ್ ಅನ್ನುತ್ತದೆ, ಮುಳುಗುವುದಿಲ್ಲ. ಇವನ್ನು ಪಕ್ಕಕ್ಕಿಡಲು ಕಷ್ಟ ಆಗಲಿಲ್ಲ. ಯಾರು ಬರೆದರೂ ಕೆಟ್ಟ ಕಥೆ ಕೆಟ್ಟದ್ದೇ ಅಲ್ವಾ.

ತಲೆ ಕೆಡಿಸಿರುವುದು ಬೇರೆ ಒಂದು. ಆಲೆಮನೆಯಲ್ಲಿ ನಡೆಯುವ ಕಥೆ. ಗಂಡ ಸತ್ತ ಮೇಲೆ ಆಲೆಮನೆ ತಾನೇ ನಡೆಸುವ ಹೆಂಗಸು, ಸಾಲ ಕೊಟ್ಟ ಮೈದುನ, ಗಾಣಕ್ಕೆ ಕಬ್ಬು ಕೊಡುವ ಒಬ್ಬ ಹುಡುಗ. ಕಥೆ ಗಟ್ಟಿಯಾಗಿದೆ. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆದರೆ ಆ ಹೆಂಗಸು ಹುಡುಗನನ್ನು "ನೀನು ದಣಿದಿರುವೆಯಾ ಮಗನೇ?" ಎಂದು ಕೇಳುತ್ತಾಳೆ. ಕೇಳಿ, ಮಧ್ಯಾಹ್ನದ ಹೊತ್ತಲ್ಲಿ "ಒಂದು ಲೋಟ ಹಸುವಿನ ಹಾಲನ್ನು" ತಂದುಕೊಡುತ್ತಾಳೆ. ಮುಂದೆ ಕುದಿಯುವ ಕೊಪ್ಪರಿಗೆಗೆ ಬೆಂಡೆಗಿಡ ಜಜ್ಜಿ ಅದರ ಲೋಳೆ ಹಾಕುತ್ತಾಳೆ. ಬೆಲ್ಲಕ್ಕೆ ಬೆಂಡೆಕಾಯಿ! ಇದು ಎಐ ಬುರುಡೆಯೇ ಅಂತ ನನಗೆ ಖಾತ್ರಿಯಾಯಿತು. ಎಐ ಪತ್ತೆ ಮಾಡುವ ಒಂದು ಸೈಟಿಗೆ ಹಾಕಿ ನೋಡಿದೆ, 87 ಪರ್ಸೆಂಟ್ ಎಐ ಅಂದಿತು. ಇನ್ನೊಂದು ಸೈಟು ಪೂರ್ತಿ ಮನುಷ್ಯರದ್ದೇ ಅಂದಿತು.

ಬಳಗದಲ್ಲಿ ಒಬ್ಬರು ಆ ಕಥೆ ತೆಗೆದುಹಾಕಿ ಅನ್ನುತ್ತಾರೆ, ಇನ್ನೊಬ್ಬರು ಮೊದಲ ಬಹುಮಾನವೇ ಅದಕ್ಕೆ ಅನ್ನುತ್ತಾರೆ. ನಿಯಮದಲ್ಲಿ ಎಐ ಬಗ್ಗೆ ನಾವು ಒಂದಕ್ಷರ ಬರೆದಿರಲಿಲ್ಲ. "ಸ್ವಂತ ಕಥೆಯಾಗಿರಬೇಕು" ಅಂತ ಮಾತ್ರ ಇದೆ. ಏನು ಮಾಡೋದು?


ಕೆರೆ ವಾಕಿಂಗ್ (ಮೈಸೂರು)

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಮೊದಲು ಒಂದು ಮಾತು. ಬೇರೆಯವರ ಅಚ್ಚಾಗದ ಕಥೆಯನ್ನು ಅವರನ್ನು ಕೇಳದೆ ಯಾವುದೋ ಸೈಟಿಗೆ ಹಾಕಿದ್ದು ತಪ್ಪು. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಆ ಪರ್ಸೆಂಟನ್ನಂತೂ ನಂಬಲೇಬೇಡಿ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ ಮಾಡುವವನು, ಇದು ಸ್ವಲ್ಪ ಗೊತ್ತು. ಮುಂದಿನ ಪದ ಯಾವುದು ಬರಬಹುದು ಅಂತ ಆ ಸೈಟು ಊಹಿಸುತ್ತಾ ಹೋಗುತ್ತದೆ, ಊಹೆ ಸಲೀಸಾಗಿ ನಿಜವಾಗುತ್ತಿದ್ದರೆ ಎಐ ಇರಬೇಕು ಅನ್ನುತ್ತದೆ, ಹೆಚ್ಚುಕಮ್ಮಿ ಅಷ್ಟೇ ಲೆಕ್ಕ. ಹಾಗಾದರೆ ನಮ್ಮ ಮದುವೆ ಕಾಗದಗಳೆಲ್ಲ ಎಐ ಬರೆದದ್ದೇ. "ತಾವು ಸಕುಟುಂಬ" ಅಂದ ಕೂಡಲೇ ಮುಂದಿನದು ಯಾರಿಗೆ ಗೊತ್ತಿಲ್ಲ ಹೇಳಿ.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಪತ್ತೆ ಸಾಧನ ಬಿಟ್ಟಿತ್ತು. ಅವರದೇ ಲೆಕ್ಕದಲ್ಲಿ ಅದು ಎಐ ಬರಹ ಅಂತ ಸರಿಯಾಗಿ ಹಿಡಿದದ್ದು 26 ಪರ್ಸೆಂಟ್ ಮಾತ್ರ. ಮನುಷ್ಯರು ಬರೆದದ್ದರಲ್ಲಿ 9 ಪರ್ಸೆಂಟಿಗೂ ಎಐ ಅಂತ ಮುದ್ರೆ ಒತ್ತಿತು. ಇಂಗ್ಲಿಷಿಗೆ ಮಾತ್ರ ಬಳಸಿ, ಬೇರೆ ಭಾಷೆಯಲ್ಲಿ ಇನ್ನೂ ಕಳಪೆ ಅಂತ ಅವರೇ ಹೇಳಿದ್ದರು. ಅದೇ ವರ್ಷ ಜುಲೈನಲ್ಲಿ ಆ ಸಾಧನವನ್ನೇ ಮುಚ್ಚಿಬಿಟ್ಟರು. ನಿಮ್ಮ 112 ಜನರಲ್ಲಿ 100 ಜನ ಪ್ರಾಮಾಣಿಕರು ಅಂತಿಟ್ಟುಕೊಳ್ಳಿ. ಆ ಲೆಕ್ಕದಲ್ಲೇ 9 ಜನರನ್ನು ಸುಮ್ನೆ ಕಳ್ಳರನ್ನಾಗಿ ಮಾಡುತ್ತೀರಿ, ಅದೂ ಇಂಗ್ಲಿಷಿನ ಲೆಕ್ಕ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು 7 ಪತ್ತೆ ಸಾಧನಗಳಿಗೆ, ಇಂಗ್ಲಿಷ್ ಮನೆಮಾತಲ್ಲದವರು ಪರೀಕ್ಷೆಗೆ ಬರೆದ 91 ಪ್ರಬಂಧ ಕೊಟ್ಟು ನೋಡಿದರು. ಸರಾಸರಿ 61 ಪರ್ಸೆಂಟನ್ನು ಎಐ ಅಂದವು. ಕಲಿತ ಭಾಷೆಯಲ್ಲಿ ಹುಷಾರಾಗಿ ಬರೆಯುವವರೇ ಜಾಸ್ತಿ ಸಿಕ್ಕಿಬೀಳುತ್ತಾರೆ, ನೋಡಿ ಗ್ರಹಚಾರ.

ಕಥೆಗಳ ರಾಶಿ ಬಿದ್ದದ್ದು ನಿಮಗೊಬ್ಬರಿಗೇ ಅಲ್ಲ. ಅಮೆರಿಕದಲ್ಲಿ ಕ್ಲಾರ್ಕ್ಸ್‌ವರ್ಲ್ಡ್ ಅಂತ ವೈಜ್ಞಾನಿಕ ಕಥೆಗಳ ಪತ್ರಿಕೆ ಇದೆ, ಪದಕ್ಕಿಷ್ಟು ಎಂದು ಲೆಕ್ಕ ಹಾಕಿ ದುಡ್ಡು ಕೊಡುತ್ತದೆ. 2023ರ ಫೆಬ್ರವರಿಯಲ್ಲಿ ಅವರಿಗೆ 700 ನಿಜವಾದ ಕಥೆ ಬಂದರೆ ಅದರ ಜೊತೆಗೆ 500 ಯಂತ್ರದ ಕಥೆ ಬಂದವು. ತಿಂಗಳು ಮುಗಿಯುವ ಮೊದಲೇ ಸಂಪಾದಕ ನೀಲ್ ಕ್ಲಾರ್ಕ್ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರು. ಕಳಿಸಿದವರಲ್ಲಿ ಬಹಳ ಜನ ಬರೆಯುವವರೇ ಅಲ್ಲ, ಮನೆಯಲ್ಲಿ ಕೂತು ದುಡ್ಡು ಮಾಡಿ ಅನ್ನುವ ವಿಡಿಯೊ ನೋಡಿ ಬಂದವರು. ಮಾರ್ಚಿನಲ್ಲಿ ಮತ್ತೆ ಬಾಗಿಲು ತೆರೆದರು.

ಬೆಂಡೆಕಾಯಿ ವಿಚಾರ ನನಗೆ ಗೊತ್ತಿಲ್ಲ. ಸಾರಿಗೆ ಹಾಕುತ್ತಾರೆ.


ನಿವೃತ್ತ ಮೇಷ್ಟ್ರು (ಶ್ರೀರಂಗಪಟ್ಟಣ)

ಇಷ್ಟೊಂದು ಗಲಾಟೆ ಯಾಕೆ ಅಂತ ನನಗೆ ಅರ್ಥವಾಗುತ್ತಿಲ್ಲ. ಕಥೆ ಓದಿ ಸುಮ್ಮನೆ ಕೂತಿದ್ದೆ ಅಂದಿರಿ. ಅದೇ ತೀರ್ಪು. ಬಹುಮಾನ ಕಥೆಗೋ ಕಥೆಗಾರನ ಜಾತಕಕ್ಕೋ?

ನಾನು ನಲವತ್ತು ವರ್ಷದಿಂದ ಊರೂರಿನ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗಿದ್ದೇನೆ. ಮೋಸ ಈಗ ಹುಟ್ಟಿದ್ದಲ್ಲ. ಹಳೇ ವಾರಪತ್ರಿಕೆಯ ಕಥೆಗೆ ಊರಿನ ಹೆಸರು ಬದಲಾಯಿಸಿ ಕಳಿಸಿದವರನ್ನು ನೋಡಿದ್ದೇನೆ. ಬಂಗಾಳಿ ಕಥೆಯನ್ನು ಕನ್ನಡಕ್ಕೆ ತಂದು ಹಿಲ್ಸಾ ಮೀನಿನ ಜಾಗಕ್ಕೆ ಬಾಳೆಮೀನು ಹಾಕಿದ ಮಹಾನುಭಾವನೂ ಸಿಕ್ಕಿದ್ದ. ಹೆಂಡತಿ ಬರೆದದ್ದಕ್ಕೆ ತನ್ನ ಹೆಸರು ಹಾಕಿಕೊಂಡವರಂತೂ ಲೆಕ್ಕಕ್ಕಿಲ್ಲ. ಆಗ ಯಾವ ಸೈಟಿತ್ತು?

ಜಪಾನಿನಲ್ಲಿ 2024ರ ಜನವರಿಯಲ್ಲಿ ಅಲ್ಲಿನ ದೊಡ್ಡ ಸಾಹಿತ್ಯ ಬಹುಮಾನವಾದ ಅಕುತಗವ ಗೆದ್ದ ರೀ ಕುದಾನ್ ಎಂಬ ಲೇಖಕಿ, ಕಾದಂಬರಿಯ ಸುಮಾರು 5 ಪರ್ಸೆಂಟ್ ಎಐ ಬರೆದದ್ದು ಅಂತ ತಾವೇ ಬಾಯಿಬಿಟ್ಟು ಹೇಳಿದರು. ಬಹುಮಾನ ಕಿತ್ತುಕೊಂಡರೇ? ಇಲ್ಲ. ನೀವು ಐದು ಸಾವಿರ ರೂಪಾಯಿಗೆ ಸಿಬಿಐ ಕರೆಯುತ್ತಿದ್ದೀರಿ.


ಅರ್ಧ ಕಥೆ (ಸರಸ್ವತಿಪುರಂ, ಮೈಸೂರು)

ಮೇಷ್ಟ್ರೇ, ಆ ಲೇಖಕಿಯ ವಿಷಯ ಪೂರ್ತಿ ಹೇಳಿ. ಆ ಕಾದಂಬರಿಯಲ್ಲೇ ಒಂದು ಎಐ ಬರುತ್ತದೆ. ಪಾತ್ರ ಪ್ರಶ್ನೆ ಕೇಳುತ್ತದೆ, ಎಐ ಉತ್ತರ ಕೊಡುತ್ತದೆ. ಆ ಉತ್ತರಗಳಿಗೆ ಎಐ ಮಾತನ್ನೇ ಬಳಸಿಕೊಂಡೆ ಅಂತ ಅವರು ಆಮೇಲೆ ಬಿಡಿಸಿ ಹೇಳಿದರು. ಪೊಲೀಸ್ ಪಾತ್ರದ ಬಾಯಲ್ಲಿ ಎಫ್‌ಐಆರ್ ಓದಿಸಿದ ಹಾಗೆ. ಜಗಲಿ ಅಜ್ಜಿ ಕಥೆಗೂ ಅದಕ್ಕೂ ಹೋಲಿಕೆ ಬೇಡ.

ನಾನು ಬರೆಯಲು ಬಂದದ್ದು ಬೇರೆ. ಹೋದ ವರ್ಷ ಒಂದು ಸ್ಪರ್ಧೆಯಲ್ಲಿ (ಹೆಸರು ಬೇಡ) ನನ್ನ ಕಥೆ ಕೊನೆಯ ಹತ್ತರಲ್ಲಿತ್ತು. ಆಮೇಲೆ ಒಂದು ಫೋನ್ ಬಂತು. "ಭಾಷೆ ತುಂಬಾ ನೀಟಾಗಿದೆ, ಒಂದು ಕಾಗುಣಿತದ ತಪ್ಪೂ ಇಲ್ಲ, ನಿಜ ಹೇಳಿಬಿಡಮ್ಮ" ಅಂದರು. ನಾನು ಕನ್ನಡ ಎಂಎ, ಕರಡು ತಿದ್ದುವುದೇ ನನ್ನ ಕೆಲಸ. ತಪ್ಪಿಲ್ಲದೆ ಬರೆದದ್ದೇ ತಪ್ಪಾಯಿತು. ನಾಲ್ಕು ಸಲ ತಿದ್ದಿದ ಕರಡು ಫೈಲುಗಳಿವೆ ಕಳಿಸುತ್ತೇನೆ ಅಂದೆ. "ಅದನ್ನೂ ಅದೇ ಮಾಡಿಕೊಡುತ್ತದಂತೆ" ಅಂದರು. ಅಲ್ಲಿಗೆ ಮುಗಿಯಿತು. ಈಗ ಕಥೆ ಬರೆದು ಮುಗಿಸಿದ ಮೇಲೆ ಬೇಕಂತಲೇ ಎರಡು ತಪ್ಪು ಮಾಡಲೇ ಅಂತ ಯೋಚನೆ ಬರುತ್ತದೆ. ನಗಬೇಡಿ, ನಿಜವಾಗಿ ಬರುತ್ತದೆ.

ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲವಲ್ಲ. ನಾನು ಪೂರ್ತಿ ಮಡಿಯವಳಲ್ಲ. ಆ ಕಥೆ ಅಲ್ಲ, ಅದಕ್ಕೂ ಹಿಂದಿನ ಒಂದು ಕಥೆಗೆ ಕೊನೆ ಸಿಗುತ್ತಿರಲಿಲ್ಲ. ಎಐ ಕೇಳಿದೆ. ಐದು ಕೊನೆ ಕೊಟ್ಟಿತು, ಐದೂ ಸಪ್ಪೆ. ಆದರೆ ಮೂರನೆಯದರಲ್ಲಿ ಒಬ್ಬಳು ಬಸ್ ಇಳಿದು ವಾಪಸ್ ನಡೆಯುತ್ತಾಳೆ ಅಂತ ಇತ್ತು. ಅದನ್ನು ಇಟ್ಟುಕೊಂಡು ನನ್ನ ಮಾತಲ್ಲಿ ಬರೆದೆ. ಓದಿದವರೆಲ್ಲ ಆ ಕೊನೆಯನ್ನೇ ಹೊಗಳಿದರು. ಒಬ್ಬರೂ ಬೇರೆ ಪುಟದ ಮಾತೆತ್ತಲಿಲ್ಲ. ಹೊಗಳಿದಾಗೆಲ್ಲ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಆಮೇಲೆ ಕೇಳಿಲ್ಲ.

ನಾಲೆ ಏರಿ ಅಕ್ಕ, ಸೈಟಿಗೆ ಹಾಕಬೇಡಿ. ಬರೆದವರಿಗೆ ಫೋನ್ ಮಾಡಿ. ಆದರೆ "ನಿಜ ಹೇಳಿಬಿಡಿ" ಅಂತ ಶುರು ಮಾಡಬೇಡಿ. ಕಥೆ ಬಗ್ಗೆ ಮಾತಾಡಿಸಿ, ಸಾಕು.


ಗಾಣದೆತ್ತು (ಪಾಂಡವಪುರ ಕಡೆ)

ಯಾರ್ರೀ ಅದು ಬೆಂಡೆಕಾಯಿ ಬುರುಡೆ ಅಂದವರು? 😀

ಅಕ್ಕ, ನೀವು ಮಂಡ್ಯ ಪೇಟೆಯವರಿರಬೇಕು. ನಮ್ಮದು ಮೂರು ತಲೆಮಾರಿನ ಆಲೆಮನೆ. ಈಗ ಅಣ್ಣ ನಡೆಸುತ್ತಾನೆ, ನಾನು ಲೆಕ್ಕ ಬರೆಯುತ್ತೇನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಅದರಲ್ಲಿರುವ ಕೊಳೆ ಬಿಡಿಸಬೇಕು. ನಮ್ಮ ತಾತನ ಕಾಲದಲ್ಲಿ ಬೆಂಡೆಗಿಡ ಜಜ್ಜಿ ನೀರಲ್ಲಿ ಕಿವುಚಿ, ಆ ಲೋಳೆಯನ್ನೇ ಹಾಕುತ್ತಿದ್ದರು. ಲೋಳೆ ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆ ಜೊತೆ ಮೇಲೆ ಬರುತ್ತದೆ, ಜಾಲರಿ ಸೌಟಲ್ಲಿ ಎತ್ತಿ ಹಾಕುವುದು. ಹದಕ್ಕೆ ಸ್ವಲ್ಪ ಸುಣ್ಣ. ಅಷ್ಟೇ. ಬೆಲ್ಲ ಕಂದು ಬಣ್ಣಕ್ಕೆ ಬರುತ್ತಿತ್ತು, ಕೆಲವು ಸಲ ಕಪ್ಪಗೇ. ಈಗ ಮಾರುಕಟ್ಟೆಯಲ್ಲಿ ಹಳದಿ ಬೆಲ್ಲವೇ ಬೇಕು, ಕಪ್ಪು ಬೆಲ್ಲ ಕಂಡರೆ ಮೂಗು ಮುರಿಯುತ್ತಾರೆ, ಅದಕ್ಕೆ ಬಣ್ಣ ತಿಳಿ ಮಾಡುವ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದು ಬಂತು. ಹೈಡ್ರೋಸ್ ಹಾಕಿದರೆ ಬಣ್ಣ ಪಳಪಳ. ರುಚಿ ಬೇಕಾದವರು ಮಾತ್ರ ಇನ್ನೂ ಕಪ್ಪು ಬೆಲ್ಲ ಹುಡುಕಿಕೊಂಡು ಬರುತ್ತಾರೆ.

ಈ ಬೆಂಡೆಗಿಡದ ವಿಚಾರ ಆಲೆಮನೆ ಬೆಂಕಿ ಮುಂದೆ ಕೂತವರಿಗೆ ಗೊತ್ತಿರುತ್ತದೆ. ಎಐಗೂ ಗೊತ್ತಿರಬಹುದು, ಇಲ್ಲ ಅನ್ನಲ್ಲ, ಎಲ್ಲಾದರೂ ಓದಿರುತ್ತದೆ. ಆದರೆ ಹಸುವಿನ ಹಾಲು ಅಂದಿರಲ್ಲ, ಅಲ್ಲಿ ನನಗೆ ಡೌಟು. ಮಧ್ಯಾಹ್ನ ಆ ಕಾವಿನಲ್ಲಿ ಯಾರು ಹಸುವಿನ ಹಾಲು ಕೊಡುತ್ತಾರೆ? ಆಲೆಮನೆಯಲ್ಲಿ ಹಾಲು ಅಂದರೆ ಕಬ್ಬಿನ ಹಾಲು. ಗಾಣದಿಂದ ಹಿಡಿದು ಒಂದು ನಿಂಬೆಹಣ್ಣು ಹಿಂಡಿ ಕೊಡುವುದು. ಬೆಂಡೆಗಿಡ ಗೊತ್ತಿದ್ದವರಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಯಾರೋ ಒಬ್ಬರು ಬರೆದಿದ್ದಾರೆ, ಇನ್ಯಾರೋ ಕೈ ಆಡಿಸಿದ್ದಾರೆ.


ನಾಲೆ ಏರಿ (ಮಂಡ್ಯ)

ಗಾಣದೆತ್ತು ಅವರೇ, ನಿಮ್ಮ ಕಾಲಿಗೆ ಬೀಳಬೇಕು. ಹೌದು, ಪೇಟೆಯವಳೇ. ಸಕ್ಕರೆ ಕಾರ್ಖಾನೆ ಸೈರನ್ ಕೇಳಿ ಬೆಳೆದವಳು, ಆಲೆಮನೆ ಒಳಗೆ ಕಾಲಿಟ್ಟಿದ್ದು ಎರಡೋ ಮೂರೋ ಸಲ. ನನಗೆ ಗೊತ್ತಿಲ್ಲದ್ದನ್ನು ಎಐ ಬುರುಡೆ ಅಂದುಬಿಟ್ಟೆನಲ್ಲ ಅಂತ ನಾಚಿಕೆಯಾಯಿತು. ಕೆರೆ ವಾಕಿಂಗ್ ಅವರು ಬೈದದ್ದೂ ಸರಿ, ಇನ್ನು ಸೈಟಿಗೆ ಹಾಕುವುದಿಲ್ಲ.

ನೀವೆಲ್ಲ ಹೇಳಿದ ಮೇಲೆ ಸಂಚಾಲಕರ ಕೈಯಲ್ಲಿ ಫೋನ್ ಮಾಡಿಸಿದೆವು. ನಮಗೆ ಹೆಸರು ಗೊತ್ತಾಗಬಾರದು, ಅದಕ್ಕೆ. ಬರೆದವರು ಅರವತ್ತು ದಾಟಿದ ಹೆಂಗಸು. ಏಳನೇ ಕ್ಲಾಸಿಗೆ ಬಿಟ್ಟವರಂತೆ. ಆಲೆಮನೆ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ನಲವತ್ತು ನಿಮಿಷ ಮಾತಾಡಿದ್ದಾರೆ. ಮೈದುನನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಅದು ಕಥೆಯಲ್ಲಿ ಬರೆದದ್ದಕ್ಕಿಂತ ಜಾಸ್ತಿಯೇ ಇದೆ ಅಂತ ಸಂಚಾಲಕರು ಹೇಳಿದರು. ಕಥೆ ಬರೆದದ್ದು ನೋಟ್‌ಬುಕ್ಕಿನಲ್ಲಿ. ಮೊಮ್ಮಗ ಅದನ್ನು ಫೋನಿಗೆ ಬಾಯಲ್ಲಿ ಓದಿ ಟೈಪ್ ಮಾಡಿಸಿದ್ದಾನೆ. ಆಮೇಲೆ ಎಐಗೆ ಕೊಟ್ಟು "ತಪ್ಪು ತಿದ್ದಿ ಒಳ್ಳೆ ಸಾಹಿತ್ಯದ ಕನ್ನಡ ಮಾಡು" ಅಂದಿದ್ದಾನೆ. ಅಜ್ಜಿಗೆ ಒಳ್ಳೆಯದಾಗಲಿ ಅಂತ ಪಾಪ. ಹಾಲು ಹಸುವಿನದಾಗಿದ್ದು ಅಲ್ಲೇ ಇರಬೇಕು.

ಆಕೆಗೆ ಇದು ಯಾವುದೂ ಗೊತ್ತಿಲ್ಲ. ಅಚ್ಚಾದ ಮೇಲೆ ನೋಡಿಕೊಳ್ಳೋಣ ಅಂತ ಮೊಮ್ಮಗ ಕಳಿಸಿಬಿಟ್ಟಿದ್ದಾನೆ.


ಗಾಣದೆತ್ತು (ಪಾಂಡವಪುರ ಕಡೆ)

ಅಯ್ಯೋ ಶಿವನೇ. ಮೊಮ್ಮಗ ಅಜ್ಜಿ ಕಥೆಗೆ ಹೈಡ್ರೋಸ್ ಹಾಕಿಬಿಟ್ಟಿದ್ದಾನೆ.


ನಿವೃತ್ತ ಮೇಷ್ಟ್ರು (ಶ್ರೀರಂಗಪಟ್ಟಣ)

ಹಾಗಾದರೆ ಇನ್ನೇನು, ಕೊಟ್ಟುಬಿಡಿ ಬಹುಮಾನ. ಕರಡು ತಿದ್ದುವುದು ತಪ್ಪಲ್ಲ. ನಾನೂ ಎಷ್ಟೋ ಜನರ ಕಥೆ ತಿದ್ದಿಕೊಟ್ಟಿದ್ದೇನೆ, ನನ್ನ ಹೆಸರು ಎಲ್ಲೂ ಬಂದಿಲ್ಲ.


ಅರ್ಧ ಕಥೆ (ಸರಸ್ವತಿಪುರಂ, ಮೈಸೂರು)

ಮೇಷ್ಟ್ರೇ, ನೀವು ತಿದ್ದಿದ್ದರೆ "ಸುಸ್ತಾಯ್ತೇನ್ಲಾ" ಅನ್ನುವುದನ್ನು "ದಣಿದಿರುವೆಯಾ" ಮಾಡುತ್ತಿದ್ದಿರಾ? ನಾನು ಕರಡು ತಿದ್ದುವವಳು, ನನಗೆ ಗೊತ್ತು. ಕೊಂಬು ದೀರ್ಘ ಸರಿಮಾಡುವುದು ಒಂದು, ಪಾತ್ರದ ನಾಲಿಗೆಯನ್ನೇ ಬದಲಾಯಿಸುವುದು ಇನ್ನೊಂದು. ಮೊದಲನೆಯದನ್ನು ಎಐ ಮಾಡಿದರೆ ನನಗೇನೂ ಬೇಜಾರಿಲ್ಲ, ನನ್ನ ಹೊಟ್ಟೆಗೆ ಸ್ವಲ್ಪ ಹೊಡೆತ ಬೀಳುತ್ತದೆ ಅಷ್ಟೇ. ಈಗ ಹೀಗೇ ಬಹುಮಾನ ಕೊಟ್ಟರೆ ಬಹುಮಾನ ಬಂದದ್ದು ಯಾವ ಕನ್ನಡಕ್ಕೆ? ಮುಂದಿನ ವರ್ಷ ಎಲ್ಲ ಮೊಮ್ಮಕ್ಕಳೂ ಅದನ್ನೇ ಮಾಡುತ್ತಾರೆ. ಅಜ್ಜಿಯರೆಲ್ಲ "ದಣಿದಿರುವೆಯಾ ಮಗನೇ" ಅನ್ನುತ್ತಾರೆ.


ಕೆರೆ ವಾಕಿಂಗ್ (ಮೈಸೂರು)

ಒಂದು ತಮಾಷೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 1994ರ ತಿದ್ದುಪಡಿಯಿಂದ ಒಂದು ಸಾಲು ಇದೆ. ಕಂಪ್ಯೂಟರ್ ಹುಟ್ಟಿಸಿದ ಕೃತಿಗೆ, ಅದನ್ನು ಹುಟ್ಟಿಸಲು ಕಾರಣನಾದವನೇ ಕರ್ತೃ ಅಂತ. ಎಐ ಕಥೆ ಬರೆಯುವ ಕಾಲ ಬರುತ್ತದೆ ಅಂತ ಆಗ ಯಾರು ಅಂದುಕೊಂಡಿದ್ದರು. ಆ ಸಾಲನ್ನು ಎಳೆದಾಡಿದರೆ ಮೊಮ್ಮಗನೇ ಲೇಖಕ ಅಂತ ಯಾರಾದರೂ ವಾದಿಸಿಯಾರು! ಇಲ್ಲಿ ಕಥೆ ಅಜ್ಜಿಯದೇ ಆದ್ದರಿಂದ ಆ ವಾದ ನಿಲ್ಲುವುದಿಲ್ಲ ಬಿಡಿ.

ಮೇಡಂ, ಒಂದು ಸಲಹೆ. ಮುಂದಿನ ವರ್ಷ "ಎಐ ಬಳಸಬಾರದು" ಅಂತ ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳಬೇಡಿ. ಕೀಬೋರ್ಡಿನಲ್ಲಿ ಮುಂದಿನ ಪದ ತೋರಿಸುವುದೂ ಒಂದು ಥರದ ಎಐ, ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದೂ ಎಐ. ಏನು ಬಳಸಿದಿರಿ, ಎಲ್ಲಿ ಬಳಸಿದಿರಿ, ಎರಡು ಸಾಲಲ್ಲಿ ಬರೆದು ಕಳಿಸಿ ಅನ್ನಿ. ಸುಳ್ಳು ಹೇಳುವವರು ಹೇಳುತ್ತಾರೆ. ಆದರೆ ಈ ಮೊಮ್ಮಗನಂಥವನು ನಿಜ ಹೇಳುತ್ತಿದ್ದ, ಅವನು ಮುಚ್ಚಿಡಲೇ ಇಲ್ಲವಲ್ಲ. ಕೊನೆಯ ಹತ್ತು ಜನರನ್ನು ಕೂರಿಸಿ ಕಥೆ ಬಗ್ಗೆ ಮಾತಾಡಿಸಿ. 112 ಜನರನ್ನು ಮಾತಾಡಿಸುವುದು ಆಗದ ಕೆಲಸ, ಹತ್ತು ಜನ ಆಗುತ್ತದೆ.


ನಾಲೆ ಏರಿ (ಮಂಡ್ಯ)

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಬಳಗ ಕೂತು ಮಾತಾಡಿತು, ಕೂಗಾಟವೂ ಆಯಿತು, ಒಬ್ಬರು ಕಾಫಿ ಬಿಟ್ಟು ಎದ್ದು ಹೋದರು. ಕಳಿಸಿದ ಕಥೆಯನ್ನು ಹಾಗೇ ಸ್ಪರ್ಧೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಇರುವುದನ್ನು ಇದ್ದ ಹಾಗೆ ಕಳಿಸಲು ಹೇಳುವುದು, ಅದನ್ನೇ ಓದುವುದು ಅಂತ ಆಯಿತು. ಕೊನೆಯ ಹತ್ತರಲ್ಲಿ ಇರುವ ಉಳಿದವರಿಗೂ ಅದೇ ಅವಕಾಶ, ಯಾರಾದರೂ ಎಐ ಕೈಯಲ್ಲಿ ತಿದ್ದಿಸಿದ್ದರೆ ಮೂಲ ಕಳಿಸಿ ಅಂತ ಎಲ್ಲರಿಗೂ ಮೆಸೇಜ್ ಹಾಕಿದೆವು. ಕೆರೆ ವಾಕಿಂಗ್ ಅವರೇ, ಇಬ್ಬರು ಮೆಸೇಜ್ ನೋಡಿದ ಕೂಡಲೇ ಸ್ಪರ್ಧೆಯಿಂದ ಹಿಂದೆ ಸರಿದರು! ಇನ್ನೊಬ್ಬರು ನಮಗೇ ಬೈದು ಉದ್ದಕ್ಕೆ ಬರೆದಿದ್ದಾರೆ. ಅದು ಅವರದೇ ಬರವಣಿಗೆ, ಅದರಲ್ಲಿ ಅನುಮಾನವೇ ಇಲ್ಲ.

ಮೊಮ್ಮಗ ಬೆಳಿಗ್ಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಲು ಶುರು ಮಾಡಿದ. ಪೆನ್ಸಿಲ್ಲಿನಲ್ಲಿ ಬರೆದದ್ದು. ಅಲ್ಪಪ್ರಾಣ ಮಹಾಪ್ರಾಣ ಅಂತೇನಿಲ್ಲ. "ಯಾಕ್ಲಾ ಮಗ ಸುಸ್ತಾಯ್ತಾ, ಒಂದ್ ಲೋಟ ಹಾಲ್ ಕುಡ್ದು ಏಳು, ಕೊಪ್ಪರ್ಗೆ ಕಾಯ್ತಾ ಕೂತದೆ" ಅಂತ ಇದೆ. ಎಐ "ಕೊಪ್ಪರ್ಗೆ ಕಾಯ್ತಾ ಕೂತದೆ" ಅನ್ನುವುದನ್ನು ಎತ್ತಿಯೇ ಹಾಕಿತ್ತು.

ಎರಡು ಪುಟ ಚೆನ್ನಾಗಿ ಬಂದಿವೆ. ಮೂರನೆಯದು ಮಬ್ಬಾಗಿದೆ, ಬಿಸಿಲಲ್ಲಿ ಇಟ್ಟು ಇನ್ನೊಂದು ಸಲ ತೆಗೆದು ಕಳಿಸಪ್ಪ ಅಂದಿದ್ದೇನೆ. ಕಾಯ್ತಾ ಕೂತಿದ್ದೇನೆ.